ಒಂದನೇ ನಂಬರಿನ ಮನೆ ಎಲ್ಲಿ?

ನಮ್ಮೆಲ್ಲರ ಆರನೇ ವರ್ಣತಂತುವಿನ ಮೇಲೆ ಎಚ್‌ಎಲ್‌ಎ-ಬಿ ಎಂಬ ಜೀನು ಇದೆ. ಜನರಿಂದ ಜನರಿಗೆ ಅದರ ರೂಪ ಬೇರೆ. ಆ ರೂಪಗಳಿಗೆಲ್ಲ ವಿಜ್ಞಾನಿಗಳು ನಂಬರು ಕೊಟ್ಟಿದ್ದಾರೆ. ಹಳೆಯ ಪಟ್ಟಿ ತೆಗೆದು ನೋಡಿ: ಬಿ1 ಇಲ್ಲ. ಬಿ2, ಬಿ3, ಬಿ4 ಇಲ್ಲ. ಪಟ್ಟಿ ಶುರುವಾಗುವುದೇ ಬಿ5ರಿಂದ. 6 ಇಲ್ಲ, 7 ಮತ್ತು 8 ಇವೆ, ಆಮೇಲೆ ಒಮ್ಮೆಲೇ 12. ಪಕ್ಕದ ಜೀನಾದ ಎಚ್‌ಎಲ್‌ಎ-ಎ ಪಟ್ಟಿಯಲ್ಲಿ 1, 2, 3 ಇವೆ. ಅವುಗಳ ಮುಂದಿನದು 9. ನಡುವೆ ಯಾರೂ ಇಲ್ಲ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕೆಲವು ಗೇಟುಗಳ ಮೇಲೆ ಹಳೇ ನಂಬರು, ಹೊಸ ನಂಬರು ಎರಡನ್ನೂ ಬರೆದಿರುತ್ತಾರೆ. ಅಂಚೆಯವನಿಗೆ ಒಂದು, ಕಂದಾಯದವರಿಗೆ ಇನ್ನೊಂದು. ಹೊಸಬರಿಗೆ ಅದು ಗೊಂದಲ, ಆ ಬೀದಿಯಲ್ಲೇ ಬೆಳೆದವರಿಗೆ ಅದೇ ಬೀದಿಯ ಚರಿತ್ರೆ. ಯಾವ ತೋಟ ಸೈಟುಗಳಾಯಿತು, ಯಾವ ಮನೆ ಪಾಲಾಗಿ ಎರಡಾಯಿತು ಎಂಬುದನ್ನು ಅವರು ನಂಬರಿನಿಂದಲೇ ಹೇಳಬಲ್ಲರು. ಎಚ್‌ಎಲ್‌ಎ ಜೀನುಗಳ ಹೆಸರುಗಳನ್ನೂ ಹಾಗೆಯೇ ಓದಬೇಕು ಎಂಬುದು ನನ್ನ ನಂಬಿಕೆ. ಮೂತ್ರಪಿಂಡ ಕಸಿಗೋ ಅಸ್ಥಿಮಜ್ಜೆ ಕಸಿಗೋ ಓಡಾಡುವ ಮನೆಯವರ ಕೈಗೆ ಒಂದು ದಿನ ನಕ್ಷತ್ರ, ಅಂಕಿ, ಎರಡು ಚುಕ್ಕೆಗಳಿಂದ ತುಂಬಿದ ಹಾಳೆ ಬರುತ್ತದೆ. ಆ ಒಂದೊಂದು ಗುರುತಿನ ಹಿಂದೆಯೂ ಯಾರೋ ತಡಕಾಡಿದ್ದಾರೆ, ಎಡವಿದ್ದಾರೆ, ಕೊನೆಗೆ ಕೂಡಿ ಕುಳಿತು ಒಪ್ಪಿಕೊಂಡಿದ್ದಾರೆ.

ಕಥೆ 1950ರ ದಶಕದ್ದು. ರಕ್ತದ ಗುಂಪು ನೋಡಿಯೇ ರಕ್ತ ಕೊಟ್ಟರೂ ಕೆಲವು ರೋಗಿಗಳಿಗೆ ಚಳಿ ಜ್ವರ ಬರುತ್ತಿತ್ತು. ಅದರಲ್ಲೂ ಮತ್ತೆ ಮತ್ತೆ ರಕ್ತ ಪಡೆದವರಿಗೆ ಹೀಗಾಗುವುದು ಹೆಚ್ಚು. ಪ್ಯಾರಿಸ್ಸಿನ ವೈದ್ಯ ಝಾನ್ ದೋಸೆ ಎರಡನೇ ಮಹಾಯುದ್ಧದ ಕಾಲದಲ್ಲಿ ಉತ್ತರ ಆಫ್ರಿಕಾದಲ್ಲಿ ಗಾಯಾಳುಗಳಿಗೆ ರಕ್ತ ಕೊಡುವ ಕೆಲಸ ಮಾಡಿದ್ದವರು. ಹಲವು ಸಲ ರಕ್ತ ಪಡೆದವರ ಸೀರಂ ತೆಗೆದು ಬೇರೆಯವರ ಬಿಳಿ ರಕ್ತಕಣಗಳ ಜೊತೆ ಬೆರೆಸಿದಾಗ ಆ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುವುದನ್ನು ಅವರು ಕಂಡರು. ಎಲ್ಲರ ಕಣಗಳೂ ಅಲ್ಲ, ಕೆಲವರದು ಮಾತ್ರ. ಅಂದರೆ ಕೆಂಪು ಕಣಗಳಿಗೆ ಎ, ಬಿ, ಒ ಗುಂಪುಗಳಿರುವಂತೆ ಬಿಳಿ ಕಣಗಳಿಗೂ ಬೇರೆಯೇ ಗುಂಪುಗಳಿವೆ. ಆ ಮೊದಲ ಗುರುತಿಗೆ 1958ರಲ್ಲಿ ಅವರು ‘ಮ್ಯಾಕ್’ ಎಂದು ಹೆಸರಿಟ್ಟರು. ಅದು ಪ್ರಯೋಗಕ್ಕೆ ನೆರವಾದ ಮೂವರು ರಕ್ತದಾನಿಗಳ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ಈ ಇಡೀ ವಂಶಾವಳಿಯಲ್ಲಿ ಮನುಷ್ಯರ ನೆನಪಿನಲ್ಲಿ ಇಟ್ಟ ಹೆಸರೊಂದಿದ್ದರೆ ಅದೇ. ಮುಂದೆ ಅದಕ್ಕೂ ನಂಬರು ಬಂತು.

ಅದೇ ವರ್ಷ ಹಾಲೆಂಡಿನ ಲೀಡನ್‌ನಲ್ಲಿ ಯಾನ್ ವಾನ್ ರೂಡ್, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೋಸ್ ಪೇನ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಇನ್ನೊಂದು ಮೂಲವನ್ನು ಕಂಡುಕೊಂಡರು. ಒಮ್ಮೆಯೂ ಯಾರ ರಕ್ತವನ್ನೂ ಪಡೆಯದಿದ್ದರೂ ಮಕ್ಕಳನ್ನು ಹೆತ್ತ ಹೆಂಗಸರ ಸೀರಂನಲ್ಲಿ ಇಂಥ ಪ್ರತಿಕಾಯಗಳು ಇರುತ್ತಿದ್ದವು. ಕಾರಣ ಯೋಚಿಸಿದರೆ ಸರಳ. ಹೊಟ್ಟೆಯಲ್ಲಿರುವ ಮಗು ಅರ್ಧ ತಾಯಿಯದು, ಅರ್ಧ ತಂದೆಯದು. ತಂದೆಯ ಕಡೆಯಿಂದ ಬಂದ ಗುರುತುಗಳು ತಾಯಿಯ ದೇಹಕ್ಕೆ ಪರಕೀಯ. ಮಗುವಿನ ಕಣಗಳು ಅಷ್ಟಿಷ್ಟು ತಾಯಿಯ ರಕ್ತಕ್ಕೆ ಸೇರಿದಾಗ ಅವಳ ದೇಹ ಆ ಗುರುತುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮಗುವಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಆ ತಾಯಿಯ ಸೀರಂ ಇನ್ನೊಬ್ಬರ ಬಿಳಿ ಕಣದ ಮೇಲೆ ಅದೇ ಗುರುತನ್ನು ಕಂಡರೆ ಹಿಡಿದು ತೋರಿಸಬಲ್ಲದು.

ಮುಂದಿನ ಮೂರು ದಶಕ ಈ ವಿಜ್ಞಾನ ನಡೆದದ್ದು ಹೆಚ್ಚಾಗಿ ಈ ಬಾಣಂತಿಯರ ಸೀರಂ ಮೇಲೆ. ಒಳ್ಳೆಯ ಸೀರಂ ಅಂದರೆ ಒಂದೇ ಗುರುತನ್ನು ಸ್ಪಷ್ಟವಾಗಿ ಹಿಡಿಯುವಂಥದ್ದು. ಅದು ಸುಲಭಕ್ಕೆ ಸಿಗುವುದಿಲ್ಲ. ಸಾವಿರಾರು ಹೆರಿಗೆಗಳಲ್ಲಿ ಸಂಗ್ರಹಿಸಿದ್ದನ್ನು ಜರಡಿ ಹಿಡಿದರೆ ಕೆಲವು ಸಿಕ್ಕಾವು. ಲಾಸ್ ಏಂಜಲಿಸ್‌ನಲ್ಲಿ ಪಾಲ್ ತೆರಸಾಕಿ 1964ರಲ್ಲಿ ಒಂದು ಸೂಕ್ಷ್ಮ ಪರೀಕ್ಷೆ ರೂಪಿಸಿದರು. ಅದರಲ್ಲಿ ಸೀರಂ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸಾಕು. ಅಷ್ಟು ಸಣ್ಣ ಹನಿ ಯಾಕೆ ಬೇಕಾಯಿತು ಅಂದರೆ, ಒಬ್ಬ ತಾಯಿಯಿಂದ ಬಂದ ಸ್ವಲ್ಪವೇ ಸೀರಂನಲ್ಲಿ ಪ್ರಪಂಚದ ಹತ್ತಾರು ಪ್ರಯೋಗಾಲಯಗಳು ಪಾಲು ಹಂಚಿಕೊಳ್ಳಬೇಕಿತ್ತು. ನೊಬೆಲ್ ಪ್ರಶಸ್ತಿ 1980ರಲ್ಲಿ ದೋಸೆಯವರಿಗೆ ಸಂದಿತು, ಅವರ ಜೊತೆ ಜಾರ್ಜ್ ಸ್ನೆಲ್ ಮತ್ತು ಬರೂಹ್ ಬೆನಸೆರಾಫ್ ಅವರಿಗೂ. ಅದು ನ್ಯಾಯವೇ. ಆದರೂ ಈ ಪಟ್ಟಿಯ ಹಳೆಯ ನಂಬರುಗಳನ್ನು ಓದುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಹೆಸರು ಗೊತ್ತಿಲ್ಲದ ಆ ತಾಯಂದಿರು.

ಸ್ನೆಲ್ ಅವರ ಹೆಸರು ಬಂದದ್ದರಿಂದ ಇಲಿಗಳ ಮಾತು ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಇಲಿಗಳಲ್ಲಿ ಕಸಿಯನ್ನು ಒಪ್ಪುವುದು ತಿರಸ್ಕರಿಸುವುದು ಯಾವ ಜೀನುಗಳ ಕೈಯಲ್ಲಿದೆ ಎಂಬುದನ್ನು ಲಂಡನ್ನಿನ ಪೀಟರ್ ಗೋರರ್ 1930ರ ದಶಕದಲ್ಲೇ ಹುಡುಕತೊಡಗಿದ್ದರು. ಅವರು ‘ಎರಡನೆಯದು’ ಎಂದು ಕರೆದ ಗುರುತು, ಅಮೆರಿಕದ ಸ್ನೆಲ್ ‘ಅಂಗಾಂಶ ಹೊಂದಾಣಿಕೆ’ ಎಂದು ಕರೆದ ಗುಣ, ಎರಡೂ ಒಂದೇ ಎಂದು ಗೊತ್ತಾದಾಗ ಇಬ್ಬರ ಹೆಸರನ್ನೂ ಕೂಡಿಸಿ ಎಚ್-2 ಮಾಡಿದರು. ಇಲಿಯ ಹೆಸರೂ ಹೀಗೆ ಸಂಧಾನದಿಂದ ಹುಟ್ಟಿದ್ದೇ.

ಮನುಷ್ಯರ ವಿಷಯದಲ್ಲಿ ಸಂಧಾನ ಅಷ್ಟು ಸುಲಭವಾಗಲಿಲ್ಲ. 1960ರ ದಶಕದ ಮೊದಲಲ್ಲಿ ಪ್ಯಾರಿಸ್ಸಿನವರದು ಒಂದು ಹೆಸರು, ಲೀಡನ್‌ನವರದು ಇನ್ನೊಂದು. ವಾನ್ ರೂಡ್ ತಾವು ಕಂಡ ಜೋಡಿಗೆ 4ಎ, 4ಬಿ ಎಂದರು. ಆ ಕಾಲಕ್ಕೆ ಅಪರೂಪವಾಗಿದ್ದ ಕಂಪ್ಯೂಟರ್ ಬಳಸಿ ನೂರಾರು ಫಲಿತಾಂಶಗಳನ್ನು ತಾಳೆ ನೋಡಿ ಅವರು ಆ ಜೋಡಿಯನ್ನು ಬೇರ್ಪಡಿಸಿದ್ದರು. ರೋಸ್ ಪೇನ್ ಮತ್ತು ವಾಲ್ಟರ್, ಜೂಲಿಯಾ ಬೋಡ್ಮರ್ ದಂಪತಿ ಎಲ್‌ಎ1, ಎಲ್‌ಎ2 ಎಂದು ಕರೆದರು. ಒಬ್ಬರ 4ಎ ಇನ್ನೊಬ್ಬರ ಯಾವುದಕ್ಕೆ ಸಮ? ಉತ್ತರ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಒಬ್ಬರ ಸೀರಂ ಇನ್ನೊಬ್ಬರ ಹತ್ತಿರ ಇರಲಿಲ್ಲ.

1964ರಲ್ಲಿ ಬರ್ನಾರ್ಡ್ ಏಮಸ್ ಎಂಬುವವರು ಅಮೆರಿಕದ ಡರ್ಹಮ್‌ನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಎಲ್ಲರನ್ನೂ ಒಂದೆಡೆ ಕರೆದರು. ಭಾಷಣಕ್ಕಲ್ಲ, ಕೆಲಸಕ್ಕೆ. ನಿಮ್ಮ ನಿಮ್ಮ ಸೀರಂ, ನಿಮ್ಮ ನಿಮ್ಮ ವಿಧಾನ ತನ್ನಿ, ಎಲ್ಲರೂ ಅದೇ ಜನರ ರಕ್ತಕಣಗಳನ್ನು ಪರೀಕ್ಷಿಸೋಣ ಎಂಬ ಏರ್ಪಾಡು. ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಸೋತು ಮನೆಗೆ ಹೋಗಬಹುದಿತ್ತು. ಅವರು ಹೋದದ್ದು ಮುಂದಿನ ವರ್ಷ ಲೀಡನ್‌ಗೆ, ಅಲ್ಲಿಂದ 1967ರಲ್ಲಿ ಇಟಲಿಯ ಟ್ಯೂರಿನ್‌ಗೆ. ಟ್ಯೂರಿನ್‌ನಲ್ಲಿ ರುಜ್ಜೆರೊ ಚೆಪ್ಪೆಲ್ಲಿನಿ ಒಂದು ಜಾಣ ಹೆಜ್ಜೆಯಿಟ್ಟರು. ಬಿಡಿ ಬಿಡಿ ಜನರ ಬದಲು ಇಡೀ ಕುಟುಂಬಗಳನ್ನು, ತಂದೆ ತಾಯಿ ಮಕ್ಕಳನ್ನೆಲ್ಲ, ಪರೀಕ್ಷೆಗೆ ಕೂರಿಸಿದರು. ಆಗ ಚಿತ್ರ ತಿಳಿಯಾಯಿತು. ಬೇರೆ ಬೇರೆ ಹೆಸರಿನ ಈ ಗುರುತುಗಳೆಲ್ಲ ತಂದೆಯಿಂದ ಒಂದು ಕಟ್ಟಾಗಿ, ತಾಯಿಯಿಂದ ಒಂದು ಕಟ್ಟಾಗಿ ಮಕ್ಕಳಿಗೆ ಬರುತ್ತಿದ್ದವು. ಎಲ್ಲವೂ ಒಂದೇ ಜಾಗದ ನಿವಾಸಿಗಳು. ಹೀಗೆ ಒಟ್ಟಿಗೆ ಸಾಗುವ ಕಟ್ಟಿಗೆ ಚೆಪ್ಪೆಲ್ಲಿನಿ ‘ಹ್ಯಾಪ್ಲೊಟೈಪ್’ ಎಂಬ ಪದ ಕೊಟ್ಟರು. ಇಂದಿಗೂ ಅದೇ ಪದ.

ಮರುವರ್ಷ, 1968ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಹೆಸರಿಡುವ ಸಮಿತಿ ಸೇರಿತು. ಈ ವ್ಯವಸ್ಥೆಗೆ ಎಚ್‌ಎಲ್-ಎ ಎಂದು ನಾಮಕರಣವಾಯಿತು. ದೋಸೆ ಬಳಸುತ್ತಿದ್ದ ಎಚ್‌ಯು-1ರ ಎಚ್ ಅದರಲ್ಲಿದೆ, ಪೇನ್ ಅವರ ಎಲ್‌ಎ ಕೂಡ ಇದೆ. ಗುರುತುಗಳಿಗೆ 1, 2, 3 ಎಂದು ಸಾಲಾಗಿ ನಂಬರು ಬಿದ್ದವು. ಪ್ಯಾರಿಸ್ಸಿನ ಮ್ಯಾಕ್ ಎರಡನೇ ನಂಬರಾಯಿತು.

ಒಂದನೇ ನಂಬರಿನ ಮನೆ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಇಲ್ಲಿದೆ. ಆಗ ಎಲ್ಲರೂ ತಿಳಿದದ್ದು ಇದು ಒಂದೇ ಬೀದಿ ಎಂದು. ಹಾಗಾಗಿ ನಂಬರಿನ ಸಾಲೂ ಒಂದೇ. ಹೆಚ್ಚು ಕುಟುಂಬಗಳನ್ನು ನೋಡುತ್ತಾ ಹೋದಂತೆ ಇದು ಒಂದಲ್ಲ, ಒಂದರ ಪಕ್ಕ ಒಂದಿರುವ ಎರಡು ಜೀನುಗಳು ಎಂದು ಗೊತ್ತಾಯಿತು. ಒಂದನ್ನು ಎ ಎಂದರು, ಇನ್ನೊಂದನ್ನು ಬಿ. ಆದರೆ ಅಷ್ಟು ಹೊತ್ತಿಗೆ ಹಳೆಯ ನಂಬರುಗಳು ಜಗತ್ತಿನ ಎಲ್ಲ ಪ್ರಯೋಗಾಲಯಗಳ ದಫ್ತರಗಳಲ್ಲಿ ಕೂತಿದ್ದವು. ಅಳಿಸಿ ಹೊಸದಾಗಿ ಬರೆದರೆ ಹಳೆಯ ದಾಖಲೆಗಳೆಲ್ಲ ತಪ್ಪು ಹೇಳುತ್ತವೆ. ಆದ್ದರಿಂದ ನಂಬರು ಹಾಗೇ ಉಳಿಯಿತು, ಮನೆಗಳು ಮಾತ್ರ ಎರಡು ಬೀದಿಗಳಿಗೆ ಹಂಚಿಹೋದವು. 1, 2, 3 ಎ ಬೀದಿಗೆ. 5, 7, 8 ಬಿ ಬೀದಿಗೆ. 9, 10, 11 ಮತ್ತೆ ಎ ಬೀದಿಗೆ. 4 ಮತ್ತು 6? ಅವು ಲೀಡನ್‌ನ 4ಎ ಮತ್ತು 4ಬಿ. ಅವು ಒಂದು ರೂಪದ ಗುರುತುಗಳಲ್ಲ, ಬಿ ಜೀನಿನ ಅನೇಕ ರೂಪಗಳು ಹಂಚಿಕೊಂಡಿರುವ ಗುರುತುಗಳು ಎಂದು ತಿಳಿದುಬಂತು. ಬಿ ಬೀದಿಯ ಹೆಚ್ಚುಕಡಿಮೆ ಪ್ರತಿ ಮನೆಯ ಗೋಡೆಯೂ ಈ ಎರಡು ಬಣ್ಣಗಳಲ್ಲಿ ಒಂದನ್ನು ಬಳಿದುಕೊಂಡಿದೆ. ಅವನ್ನು ಇಂದೂ ಬಿಡಬ್ಲ್ಯು4, ಬಿಡಬ್ಲ್ಯು6 ಎಂದೇ ಬರೆಯುತ್ತಾರೆ.

ಆ ‘ಡಬ್ಲ್ಯು’ ಎಲ್ಲಿಂದ ಬಂತು? ಕಾರ್ಯಾಗಾರದ ಇಂಗ್ಲಿಷ್ ಹೆಸರಿನ ಮೊದಲಕ್ಷರ ಅದು. ಕಾರ್ಯಾಗಾರದಲ್ಲಿ ಕಂಡಿದ್ದೇವೆ, ಇನ್ನೂ ಖಚಿತವಾಗಿಲ್ಲ ಎಂದು ಹೇಳುವ ಗುರುತು. ಖಚಿತವಾದ ಮೇಲೆ ಡಬ್ಲ್ಯು ಉದುರುತ್ತಿತ್ತು. ಈ ಪದ್ಧತಿಯ ಬಗ್ಗೆ ನನಗೆ ದೊಡ್ಡ ಗೌರವವಿದೆ. ‘ಇದರ ಬಗ್ಗೆ ನಮಗೆ ಪೂರ್ತಿ ಭರವಸೆ ಇಲ್ಲ’ ಎಂಬುದನ್ನು ಹೆಸರಿನೊಳಗೇ ಎಲ್ಲರಿಗೂ ಕಾಣುವಂತೆ ಬರೆದಿಟ್ಟ ವಿಜ್ಞಾನ ಇದು. 1973ರ ಏಪ್ರಿಲ್‌ನಲ್ಲಿ, ಬೆನ್ನುಹುರಿಯ ಮೂಳೆಗಳು ಬೆಸೆದು ಬಾಗದಂತಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ರೋಗಕ್ಕೂ ಈ ಜೀನಿನ ಒಂದು ರೂಪಕ್ಕೂ ಗಾಢ ಸಂಬಂಧವಿದೆ ಎಂದು ಲಂಡನ್ನಿನ ತಂಡವೂ ಲಾಸ್ ಏಂಜಲಿಸ್‌ನ ತಂಡವೂ ಒಂದೇ ತಿಂಗಳಲ್ಲಿ ಪ್ರಕಟಿಸಿದವು. ಒಬ್ಬರ ಶೀರ್ಷಿಕೆಯಲ್ಲಿ ಅದು ‘ಎಚ್‌ಎಲ್-ಎ 27’, ಇನ್ನೊಬ್ಬರದರಲ್ಲಿ ‘ಡಬ್ಲ್ಯು27’. ಒಂದೇ ಗುರುತು, ಎರಡು ಬರಹ. ಇಂದು ಮೂಳೆ ವೈದ್ಯರು ಬರೆದುಕೊಡುವ ‘ಬಿ27 ಪರೀಕ್ಷೆ’ ಅದೇ.

1975ರ ಹೊತ್ತಿಗೆ ಹೆಸರಿನ ನಡುವಿನ ಸಣ್ಣ ಗೆರೆ ಜರುಗಿತು. ಎಚ್‌ಎಲ್-ಎ ಇದ್ದದ್ದು ಎಚ್‌ಎಲ್‌ಎ ಆಯಿತು, ಇಡೀ ಪ್ರದೇಶದ ಹೆಸರಾಯಿತು. ಗೆರೆಯ ಮುಂದೆ ಎ, ಬಿ, ಆಮೇಲೆ ಸಿಕ್ಕ ಸಿ, ಡಿ ಎಂದು ಜೀನಿನ ಹೆಸರು. ಸಿ ಜೀನಿನ ಗುರುತುಗಳಿಗೆ ಮಾತ್ರ ಡಬ್ಲ್ಯು ಉಳಿದೇಬಿಟ್ಟಿತು, ಅನುಮಾನಕ್ಕಾಗಿ ಅಲ್ಲ. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳಿವೆ, ಅವಕ್ಕೆ ಸಿ2, ಸಿ4 ಎಂಬ ಹೆಸರು. ಅವುಗಳ ಜೀನುಗಳೂ ಇದೇ ಪ್ರದೇಶದಲ್ಲಿವೆ. ಒಂದೇ ಕೇರಿಯಲ್ಲಿ ಇಬ್ಬರಿಗೆ ಒಂದೇ ಹೆಸರಾದರೆ ಕಷ್ಟ ತಾನೆ. ಡಿ ಕಡೆಯ ಕಥೆ ಇನ್ನೂ ಜಟಿಲ. ಅಲ್ಲಿ ಕಂಡ ಹೊಸ ಗುರುತನ್ನು ‘ಡಿಗೆ ಸಂಬಂಧಪಟ್ಟದ್ದು’ ಎಂಬರ್ಥದಲ್ಲಿ ಡಿಆರ್ ಎಂದರು. ಆಮೇಲೆ ಪಕ್ಕದಲ್ಲೇ ಇನ್ನೆರಡು ಸಿಕ್ಕವು. ಬೇರೆ ಬೇರೆ ತಂಡಗಳು ಅವಕ್ಕೆ ಡಿಸಿ, ಎಂಬಿ, ಎಸ್‌ಬಿ ಎಂದೆಲ್ಲ ಹೆಸರಿಟ್ಟುಕೊಂಡಿದ್ದವು. 1984ರಲ್ಲಿ ಸಮಿತಿ ಇಂಗ್ಲಿಷ್ ವರ್ಣಮಾಲೆಯಲ್ಲಿ ಆರ್‌ನಿಂದ ಹಿಂದಕ್ಕೆ ಎಣಿಸಿ ಡಿಕ್ಯು, ಡಿಪಿ ಎಂದು ತೀರ್ಮಾನಿಸಿತು. ಯಾರ ಹೆಸರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ.

ಇಷ್ಟು ಕಾಲ ಹೆಸರಿಡುತ್ತಿದ್ದರಲ್ಲ, ಈ ಗುರುತುಗಳು ನಮ್ಮ ದೇಹದಲ್ಲಿ ಇರುವುದಾದರೂ ಯಾಕೆ? ಇನ್ನೊಬ್ಬರ ಮೂತ್ರಪಿಂಡವನ್ನು ತಿರಸ್ಕರಿಸಲಿ ಎಂದು ಅಂತೂ ಇರಲಾರವು. 1974ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ರೋಲ್ಫ್ ಝಿಂಕರ್‌ನೇಗಲ್ ಮತ್ತು ಪೀಟರ್ ಡೋಹರ್ಟಿ ಇಲಿಗಳ ಮೇಲೆ ಪ್ರಯೋಗ ಮಾಡಿ ಉತ್ತರದ ದಾರಿ ತೋರಿಸಿದರು. ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲುವ ಟಿ ಕಣ ವೈರಸ್ಸನ್ನು ನೇರ ನೋಡುವುದಿಲ್ಲ. ತನ್ನದೇ ದೇಹದ ಈ ಗುರುತಿನ ಜೊತೆಯಲ್ಲಿಟ್ಟು ತೋರಿಸಿದರೆ ಮಾತ್ರ ನೋಡುತ್ತದೆ. 1987ರಲ್ಲಿ ಹಾರ್ವರ್ಡ್‌ನಲ್ಲಿ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಂಗಡಿಗರು ಈ ಅಣುವಿನ ಆಕಾರವನ್ನೇ ಎಕ್ಸ್-ರೇಯಿಂದ ಕಂಡರು. ಅದರ ತುದಿಯಲ್ಲಿ ಒಂದು ಕಾಲುವೆ, ಕಾಲುವೆಯಲ್ಲಿ ಇವರು ಹಾಕಿರದ ಏನೋ ಒಂದು ವಸ್ತು ಕೂತಿತ್ತು. ಅದು ಜೀವಕೋಶದೊಳಗಿನ ಪ್ರೋಟೀನುಗಳ ತುಣುಕು. ಕೋಶದೊಳಗೆ ಏನೇನು ತಯಾರಾಗುತ್ತಿದೆ ಎಂಬುದರ ಮಾದರಿಯನ್ನು ಎಚ್‌ಎಲ್‌ಎ ಅಣು ಹೊರಗೆ ಹಿಡಿದು ತೋರಿಸುತ್ತಿರುತ್ತದೆ, ಮೊರದಲ್ಲಿ ಕಾಳು ಹರಡಿ ಅಂಗಳಕ್ಕೆ ತಂದಿಟ್ಟ ಹಾಗೆ. ಕಲ್ಲು ಇದೆಯೋ ಎಂದು ನೋಡುವುದು ಟಿ ಕಣದ ಕೆಲಸ. ಬ್ಯೋರ್ಕ್‌ಮನ್ ನೋಡಿದ ಆ ಅಣು ಯಾವುದು ಗೊತ್ತೆ? ಎ2. ಮೂವರು ದಾನಿಗಳ ಅಕ್ಷರದಲ್ಲಿ ಹೆಸರು ಪಡೆದಿದ್ದ ಅದೇ ಮ್ಯಾಕ್.

ಕಾಲುವೆಯ ಆಕಾರ ಬದಲಾದರೆ ಅದರಲ್ಲಿ ಕೂರುವ ತುಣುಕೂ ಬದಲಾಗುತ್ತದೆ. ಒಂದು ರೂಪ ಒಂದು ವೈರಸ್ಸನ್ನು ಚೆನ್ನಾಗಿ ತೋರಿಸಿದರೆ ಇನ್ನೊಂದು ರೂಪ ಇನ್ನೊಂದನ್ನು. ಅದಕ್ಕೇ ಊರಲ್ಲಿ ಎಲ್ಲರದೂ ಒಂದೇ ಆಗದೆ ಹಲವು ರೂಪಗಳು ಉಳಿದುಬಂದಿವೆ, ಮನುಷ್ಯನ ಜೀನುಗಳಲ್ಲೇ ಅತಿ ಹೆಚ್ಚು ವೈವಿಧ್ಯ ಇಲ್ಲಿದೆ. 1999ರಲ್ಲಿ ಈ ಪ್ರದೇಶದ ಸುಮಾರು 36 ಲಕ್ಷ ಅಕ್ಷರಗಳನ್ನು ಓದಿ ಮುಗಿಸಿದಾಗ 224 ಜೀನು ಸ್ಥಾನಗಳು ಕಂಡವು.

ವೈವಿಧ್ಯ ಸೀರಂನ ಕಣ್ಣಿಗೆ ಪೂರ್ತಿ ಕಾಣುತ್ತಿರಲಿಲ್ಲ. ಸೀರಂ ಉತ್ತಮವಾದಷ್ಟೂ ಒಂದು ಎಂದುಕೊಂಡದ್ದು ಎರಡಾಗುತ್ತಿತ್ತು. ಎ9 ಒಡೆದು ಎ23, ಎ24 ಆಯಿತು. ಬಿ5 ಒಡೆದು ಬಿ51, ಬಿ52. ಬಿ12 ಒಡೆದು ಬಿ44, ಬಿ45. ಬಿ40 ಒಡೆದು ಬಿ60, ಬಿ61. ಕೂಡು ಕುಟುಂಬ ಪಾಲಾದಂತೆ. ಪಾಲಾದ ಮೇಲೆ ಅಪ್ಪನ ಹೆಸರನ್ನು ಆವರಣದಲ್ಲಿ ಬರೆಯುವ ರೂಢಿಯೂ ಬಂತು: ಎ24(9), ಬಿ52(5).

ಆಮೇಲೆ ಡಿಎನ್‌ಎ ಓದುವ ಕಾಲ ಬಂತು. 1987ರಲ್ಲಿ ಸಮಿತಿ ಹೊಸ ಗುರುತೊಂದನ್ನು ತಂದಿತು: ನಕ್ಷತ್ರ. ಎ2 ಎಂದರೆ ಸೀರಂ ಹೇಳಿದ್ದು. ಎ*0201 ಎಂದರೆ ಡಿಎನ್‌ಎ ಓದಿ ಹೇಳಿದ್ದು. ಮೊದಲೆರಡು ಅಂಕಿ ಹಳೆಯ ಗುಂಪಿನ ನೆನಪಿಗೆ, ಮುಂದಿನ ಎರಡು ಆ ಗುಂಪಿನೊಳಗೆ ಇವನು ಎಷ್ಟನೆಯವನು ಎಂಬುದಕ್ಕೆ. ಒಂದು ಗುಂಪಿನಲ್ಲಿ 99ಕ್ಕಿಂತ ಹೆಚ್ಚು ರೂಪಗಳು ಇರಬಹುದು ಎಂದು ಆಗ ಯಾರೂ ಎಣಿಸಿರಲಿಲ್ಲ. ಇದ್ದವು. ಮೊದಲು ಬಿ*15 ಗುಂಪು ತುಂಬಿತು, ನೂರನೆಯವನಿಗೆ ಜಾಗವಿಲ್ಲ. ತಾತ್ಕಾಲಿಕ ಪರಿಹಾರವಾಗಿ ಮುಂದೆ ಬಂದವರನ್ನು ಬಿ*95 ಎಂಬ ಹೊಸ ಕೊಠಡಿಯಲ್ಲಿ ಕೂರಿಸಿದರು. ಎ*02 ತುಂಬಿದಾಗ ಎ*92. ಗೊತ್ತಿಲ್ಲದವರಿಗೆ ಎ*9201 ಮತ್ತು ಎ*0201 ದೂರದವರಂತೆ ಕಾಣುತ್ತಿದ್ದರು, ನಿಜವಾಗಿ ಒಂದೇ ಮನೆಯವರು. ಜೀವ ಉಳಿಸುವ ಪಟ್ಟಿಯಲ್ಲಿ ಇಂಥ ಗೊಂದಲ ಸಲ್ಲದು.

2010ರ ಏಪ್ರಿಲ್‌ನಲ್ಲಿ ಬಂದ ಪರಿಹಾರ ಬಹಳ ಸರಳ: ಅಂಕಿಗಳ ನಡುವೆ ಎರಡು ಚುಕ್ಕೆ. ಚುಕ್ಕೆ ಇದ್ದರೆ ಒಂದೊಂದು ಭಾಗವೂ ಬೇಕಾದಷ್ಟು ಬೆಳೆಯಬಹುದು. ಎ*0201 ಈಗ ಎ*02:01. ಎ*9201 ತನ್ನ ಮನೆಗೆ ವಾಪಸ್ಸು ಬಂದು ಎ*02:101 ಆಯಿತು.

ಪೂರ್ತಿ ಹೆಸರು ಹೀಗಿರುತ್ತದೆ: ಎಚ್‌ಎಲ್‌ಎ-ಎ*02:01:01:01. ಇದನ್ನು ಓದುವುದು ಕನ್ನಡಿಗರಿಗೆ ಕಷ್ಟವಾಗಬಾರದು. ನಮ್ಮ ಇನಿಷಿಯಲ್‌ಗಳ ಪದ್ಧತಿ ನೆನೆಯಿರಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ತನ್ನ ಹೆಸರು. ಇಲ್ಲಿಯೂ ಮೊದಲು ಜೀನು, ಅಂದರೆ ಊರು. ಆಮೇಲೆ 02, ಅಂದರೆ ಮನೆತನ. ಆಮೇಲಿನ 01 ಸ್ವಂತ ಹೆಸರು, ಅಂದರೆ ನಿರ್ದಿಷ್ಟ ಪ್ರೋಟೀನು. ಇದು ಸಿಕ್ಕ ಕ್ರಮದಲ್ಲಿ ಕೊಟ್ಟ ನಂಬರು. 02:05 ಎಂಬುದು 02:01ಕ್ಕಿಂತ 02:06ಕ್ಕೆ ಹೆಚ್ಚು ಹತ್ತಿರ ಎಂದು ಅರ್ಥವಲ್ಲ. ಮೂರನೇ ಭಾಗ ಡಿಎನ್‌ಎಯಲ್ಲಿ ಬದಲಾಗಿದ್ದರೂ ಪ್ರೋಟೀನಿನಲ್ಲಿ ಬದಲಾಗದ ಅಕ್ಷರಗಳಿಗೆ. ಅಂಗಡಿ ಎಂದು ಸೊನ್ನೆ ಇಟ್ಟು ಬರೆದರೂ ಅಙ್ಗಡಿ ಎಂದು ಬರೆದರೂ ಬಾಯಲ್ಲಿ ಬರುವುದು ಒಂದೇ ಅಲ್ಲವೇ, ಹಾಗೆ. ನಾಲ್ಕನೆಯದು ಪ್ರೋಟೀನಿಗೆ ಲೆಕ್ಕವಿಲ್ಲದ ಡಿಎನ್‌ಎ ಭಾಗಗಳ ಬದಲಾವಣೆಗೆ, ಪುಟದ ಅಂಚಿನ ಗುರುತುಗಳಂತೆ.

ಅಂಚು ಎಂದ ಮಾತ್ರಕ್ಕೆ ಅಲಕ್ಷಿಸುವ ಹಾಗಿಲ್ಲ. ಎ*24:02:01:02ಎಲ್ ಎಂಬ ರೂಪ ಇದೆ. ಬಾಲದಲ್ಲಿರುವ ಎಲ್ ಅಕ್ಷರ ‘ಕಡಿಮೆ’ ಎಂದು ಹೇಳುತ್ತದೆ. ಪ್ರೋಟೀನಿನ ಬರಹ ಮಾಮೂಲಿ ಎ*24:02ದೇ, ಆದರೆ ಇಂಟ್ರಾನ್ ಎಂಬ ಆ ಅಂಚಿನ ಭಾಗದಲ್ಲಿ ಒಂದು ಅಕ್ಷರ ಬದಲಾಗಿ ಕೋಶದ ಮೇಲೆ ಅದು ತೀರ ಕಡಿಮೆ ಕಾಣಿಸಿಕೊಳ್ಳುತ್ತದೆ. ಬಾಲದಲ್ಲಿ ಎನ್ ಇದ್ದರೆ ಜೀನು ಇದೆ, ಪ್ರೋಟೀನು ಕೋಶದ ಮೇಲೆ ಬರುವುದೇ ಇಲ್ಲ. ಎಸ್ ಇದ್ದರೆ ಅದು ಕೋಶದ ಮೇಲೆ ನಿಲ್ಲದೆ ಕರಗಿದ ರೂಪದಲ್ಲಿ ಹೊರಗೆ ಹೋಗುತ್ತದೆ. ಎ*24:09ಎನ್ ಇರುವ ರೋಗಿಗೆ ಎ*24:02 ಇರುವ ದಾನಿಯನ್ನು, ಇಬ್ಬರದೂ ‘24’ ತಾನೆ ಎಂದು ಜೋಡಿಸಿದರೆ, ರೋಗಿಯ ದೇಹ ಎಂದೂ ನೋಡದ ಗುರುತೊಂದನ್ನು ಅದರೊಳಗೆ ಇಳಿಸಿದಂತೆ. ಒಂದಕ್ಷರದ ಬೆಲೆ ಅಷ್ಟು.

ಎರಡನೇ ಭಾಗದ ಬೆಲೆ ಅದಕ್ಕಿಂತ ಹೆಚ್ಚು. ಬಿ27 ಇರುವವರೆಲ್ಲರನ್ನೂ ಬೆನ್ನುಮೂಳೆಯ ರೋಗದ ಭಯಕ್ಕೆ ದೂಡುವಂತಿಲ್ಲ. ಬಹುತೇಕರಿಗೆ ಆ ರೋಗ ಬರುವುದೇ ಇಲ್ಲ. ಬಿ*27:05 ರೋಗದ ಜೊತೆ ನಂಟಿರುವ ರೂಪ. ಸಾರ್ಡೀನಿಯ ದ್ವೀಪದಲ್ಲಿ ಕಾಣುವ ಬಿ*27:09ಕ್ಕೆ ಆ ನಂಟು ಕಾಣಿಸದು. ಎರಡರ ನಡುವಿನ ವ್ಯತ್ಯಾಸ ಒಂದೇ ಒಂದು ಅಮೈನೊ ಆಮ್ಲ, ಕಾಲುವೆಯ ತಳದಲ್ಲಿ.

ಇನ್ನೊಂದು ಉದಾಹರಣೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಮಾತ್ರೆಯದು. ಕೆಲವರಿಗೆ ಈ ಮಾತ್ರೆಯಿಂದ ಚರ್ಮ, ಬಾಯಿ, ಕಣ್ಣುಗಳ ಪೊರೆ ಸುಟ್ಟಂತೆ ಸುಲಿಯುವ ಸ್ಟೀವನ್ಸ್-ಜಾನ್ಸನ್ ಕಾಯಿಲೆ ಬರುತ್ತದೆ, ಸಾವೂ ಬರಬಹುದು. 2004ರಲ್ಲಿ ತೈವಾನಿನ ಸಂಶೋಧಕರು ಇಂಥ 44 ರೋಗಿಗಳನ್ನು ಪರೀಕ್ಷಿಸಿದರು. 44 ಮಂದಿಯಲ್ಲೂ ಬಿ*15:02 ಇತ್ತು. ಅದೇ ಮಾತ್ರೆ ತೆಗೆದುಕೊಂಡು ಆರಾಮಾಗಿದ್ದ 101 ಜನರಲ್ಲಿ ಅದು ಇದ್ದದ್ದು ಮೂವರಲ್ಲಿ. ಗಮನಿಸಿ, ಬಿ15 ಎಂದಷ್ಟೇ ತಿಳಿದಿದ್ದರೆ ಈ ಸಂಬಂಧ ಕಾಣುತ್ತಲೇ ಇರಲಿಲ್ಲ. 15 ಎಂಬುದು ದೊಡ್ಡ ಮನೆತನ, ಸೀರಂ ಕಾಲದಲ್ಲೇ ಬಿ62, ಬಿ75 ಎಂದು ಹಲವು ಪಾಲಾಗಿದ್ದದ್ದು. ಬಿ*15:01ಕ್ಕೆ ಈ ನಂಟು ಕಂಡಿಲ್ಲ. ಏಷ್ಯಾ ಮೂಲದವರಿಗೆ ಈ ಮಾತ್ರೆ ಶುರುಮಾಡುವ ಮೊದಲು ಬಿ*15:02 ಪರೀಕ್ಷೆ ಮಾಡಿಸಿ ಎಂದು ಅಮೆರಿಕದ ಔಷಧ ಆಡಳಿತ 2007ರಲ್ಲಿ ಸಲಹೆ ಕೊಟ್ಟಿತು. ಭಾರತೀಯ ರೋಗಿಗಳಲ್ಲೂ ಈ ನಂಟು ಕಂಡಿದೆ. ಆ ಮಾತ್ರೆ ನಮ್ಮಲ್ಲಿ ಅಗ್ಗ, ಹೆಚ್ಚು ಬಳಕೆಯದು. ಹೆಸರಿನ ಎರಡನೇ ಭಾಗ ಓದಬಲ್ಲ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ತನಕ ಬರಬೇಕು ಎಂದು ನಾನು ಬಯಸುವುದು ಅದಕ್ಕೆ.

ಈಗ ಮೊದಲಲ್ಲಿ ಹೇಳಿದ, ಕಸಿಗೆ ಓಡಾಡುವವರ ಕೈಗೆ ಬರುವ ಆ ಹಾಳೆಗೆ ಬರೋಣ. ಅಸ್ಥಿಮಜ್ಜೆ ಕಸಿಗೆ ಎ, ಬಿ, ಸಿ, ಡಿಆರ್‌ಬಿ1 ಈ ನಾಲ್ಕು ಜೀನುಗಳಲ್ಲಿ ತಂದೆಯದು ಒಂದು, ತಾಯಿಯದು ಒಂದು, ಒಟ್ಟು ಎಂಟು ಹೆಸರು ಹೊಂದಬೇಕು. ಡಿಕ್ಯುಬಿ1 ಸೇರಿಸಿದರೆ ಹತ್ತು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಚೆಪ್ಪೆಲ್ಲಿನಿಯ ಕಟ್ಟು ಕಟ್ಟಾಗಿ ಬರುವ ಲೆಕ್ಕ ಅದು. ತಂದೆ ತಾಯಿ ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತಾರೆ. ಆದರೆ ನಮ್ಮ ಕಡೆ ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇದೆ. ಅಂಥ ಮನೆಗಳಲ್ಲಿ ಗಂಡ ಹೆಂಡಿರ ಬಳಿ ಒಂದೇ ಕಟ್ಟು ಇರಬಹುದು. ಆಗ ಮಗುವಿಗೆ ಅಮ್ಮನೇ ಪೂರ್ತಿ ಹೊಂದುವುದೂ ಉಂಟು, ಅಜ್ಜಿಯೋ ಚಿಕ್ಕಮ್ಮನೋ ಹೊಂದುವುದೂ ಉಂಟು. ಅದನ್ನು ಮದುವೆಯ ಲಾಭವೆಂದು ಎಣಿಸಬಾರದು, ಕಸಿ ಬೇಕಾಗುವ ಥಲಸ್ಸೀಮಿಯದಂಥ ಕಾಯಿಲೆಗಳು ಹೆಚ್ಚುವುದೂ ಅಂಥ ಮದುವೆಗಳಿಂದಲೇ. ದಾನಿ ಹುಡುಕುವಾಗ ಮಾತ್ರ ಒಡಹುಟ್ಟಿದವರ ಆಚೆಗೂ ನೋಡಬೇಕು.

ಮನೆಯಲ್ಲಿ ಸಿಗದಿದ್ದರೆ ನೋಂದಣಿ ಪಟ್ಟಿ. ಜಗತ್ತಿನ ಪಟ್ಟಿಗಳಲ್ಲಿ ಕೋಟಿಗಟ್ಟಲೆ ದಾನಿಗಳಿದ್ದರೂ ದೊಡ್ಡ ಪಾಲು ಯುರೋಪ್ ಮೂಲದವರದು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಕ್ಕೂ ಅಲ್ಲಿಯ ಪಟ್ಟಿಯಲ್ಲಿ ಹೊಂದುವವರು ಸುಲಭಕ್ಕೆ ಸಿಗುವುದಿಲ್ಲ, ಏಕೆಂದರೆ ಹೆಸರುಗಳೇ ಬೇರೆ. ಯುರೋಪಿನವರಲ್ಲಿ ಎ2 ಎಂದರೆ ಬಹುಪಾಲು ಎ*02:01. ಭಾರತದಲ್ಲಿ ಎ*02:11 ಧಾರಾಳ. ಸೀರಂಗೆ ಎರಡೂ ಎ2 ಆಗಿಯೇ ಕಾಣುತ್ತಿತ್ತು. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಪ್ರತಿಷ್ಠಾನದಂಥ ಸಂಸ್ಥೆಗಳು ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಕೋಶ ತೆಗೆದು ಜನರನ್ನು ನೋಂದಾಯಿಸುತ್ತಿವೆ. ನೋವಿಲ್ಲ, ಸೂಜಿಯಿಲ್ಲ.

ಹಾಗೆ ಓದುವಾಗ ಎಲ್ಲಿಯೂ ಕಾಣದ ರೂಪವೊಂದು ಸಿಕ್ಕಿದರೆ ಅದರ ಬರಹವನ್ನು ಸಾರ್ವಜನಿಕ ಡಿಎನ್‌ಎ ಸಂಗ್ರಹಕ್ಕೆ ಸೇರಿಸಿ, 1998ರಲ್ಲಿ ಶುರುವಾದ ಎಚ್‌ಎಲ್‌ಎ ದತ್ತಕೋಶಕ್ಕೆ ಕಳಿಸುತ್ತಾರೆ. ಅದನ್ನು ಬಹುಕಾಲ ಕಾಪಾಡಿಕೊಂಡು ಬಂದದ್ದು ಲಂಡನ್ನಿನ ಆಂಥನಿ ನೋಲನ್ ಸಂಶೋಧನಾ ಸಂಸ್ಥೆ. ಆಂಥನಿ ನೋಲನ್ ಎಂಬುದು ದಾನಿ ಸಿಗದೆ 1979ರಲ್ಲಿ ತೀರಿಕೊಂಡ ಪುಟ್ಟ ಹುಡುಗನ ಹೆಸರು. ಅವನಿಗಾಗಿ ಅವನ ತಾಯಿ ಶರ್ಲಿ 1974ರಲ್ಲಿ ದಾನಿಗಳ ಪಟ್ಟಿ ಶುರುಮಾಡಿದ್ದರು. ದತ್ತಕೋಶದಲ್ಲಿ ಹೊಸ ರೂಪಕ್ಕೆ ಸಾಲಿನ ಮುಂದಿನ ನಂಬರು ಬೀಳುತ್ತದೆ. ತಪ್ಪೆಂದು ಗೊತ್ತಾಗಿ ಅಳಿಸಿದ ನಂಬರನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ಹೆಸರುಗಳ ಒಟ್ಟು ಸಂಖ್ಯೆ ಈಗ 40 ಸಾವಿರ ದಾಟಿದೆ.

ಬೆಂಗಳೂರಿನ ಯಾವುದೋ ಹಾಳೆಯಲ್ಲಿ ‘ಬಿ*40:06’ ಎಂದಿದ್ದರೆ ಹೀಗೆ ಓದಿಕೊಳ್ಳಿ. ಬಿ, ಎರಡನೆಯದಾಗಿ ಹೆಸರು ಪಡೆದ ಬೀದಿ. ನಕ್ಷತ್ರ, ಡಿಎನ್‌ಎ ಓದಿ ಹೇಳಿದ ಮಾತು. 40, ಎಂದೋ ಒಬ್ಬ ಬಾಣಂತಿಯ ಸೀರಂ ಗುರುತಿಸಿದ ಮನೆತನ, ಆಮೇಲೆ 60 ಮತ್ತು 61 ಎಂದು ಪಾಲಾದದ್ದು. ಇದು 61ರ ಪಾಲಿನದು. ಎರಡು ಚುಕ್ಕೆ, 2010ರ ಏಪ್ರಿಲ್. 06, ಆ ಮನೆತನದಲ್ಲಿ ಆರನೆಯವನಾಗಿ ಸಿಕ್ಕವನು.